ಆಯಿಯ ಕೋಣೆಗೊಂದು ರೇಡಿಯೇಟರ್

ಹೋದ ವರ್ಷದ ಜನವರಿ. ಸಂಕ್ರಾಂತಿಗೆಂದು ಕಲಬುರಗಿಯ ಹಾಸ್ಟೆಲ್‌ನಿಂದ ಊರಿಗೆ ಬಂದಿದ್ದೆ. ದಿನಾ ನಸುಕಿನಲ್ಲೇ ಎದ್ದು ಅಂಗಳಕ್ಕೆ ನೀರು ಹಾಕುವ ನಮ್ಮ ಆಯಿ ಅಂದು ಏಳು ಗಂಟೆಯಾದರೂ ಹೊರಗೆ ಬಂದಿರಲಿಲ್ಲ. ಅವ್ವ ಎರಡು ಸಲ ಕೂಗಿದಳು. ಮೂರನೇ ಸಲ ಕೂಗದೆ ಹೋಗಿ ಬಾಗಿಲು ದೂಡಿದಳು.

ಆಯಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಎದ್ದು ನಿಲ್ಲಲು ಹೋದವಳು ಮತ್ತೆ ಕುಸಿದಳು. "ತಲಿ ಸಿಡೀಲಾಕತ್ತದ. ಹೊಟ್ಟ್ಯಾಗ ತೊಳಸ್ದಂಗ ಆಗ್ಲಾಕತ್ತದ" ಎಂದಳು. ಮಂಚದ ಕೆಳಗೆ ಕುಂಪಟಿ ಇತ್ತು. ರಾತ್ರಿ ಒಲೆಯಿಂದ ತುಂಬಿಕೊಂಡು ಹೋಗಿದ್ದ ತೊಗರಿ ಕಟ್ಟಿಗೆಯ ಕೆಂಡ ಬೂದಿಯಾಗಿತ್ತು. ಕಿಟಕಿ ಮುಚ್ಚಿತ್ತು. ಥಂಡಿ ಗಾಳಿ ಬರುತ್ತದೆಂದು ಬಾಗಿಲ ಕೆಳಗಿನ ಸಂದಿಗೂ ಹಳೇ ಸೀರೆ ತುರುಕಿದ್ದಳು.

ನಾನೂ ಅಪ್ಪನೂ ಆಯಿಯನ್ನು ಎತ್ತಿ ಅಂಗಳಕ್ಕೆ ತಂದು ಕೂರಿಸಿದೆವು. ಅರ್ಧ ಗಂಟೆಯಲ್ಲಿ ಸ್ವಲ್ಪ ಚೇತರಿಸಿಕೊಂಡಳು. ಸೇಡಂನ ಡಾಕ್ಟರ್ ವಿಷಯ ಕೇಳಿ ಒಂದೇ ಮಾತು ಹೇಳಿದರು: "ಇನ್ನೆರಡು ತಾಸು ತಡ ಆಗಿದ್ರ ನೀವು ಇಲ್ಲಿಗಿ ಬರೋ ಕೆಲಸ ಇರ್ತಿರಲಿಲ್ಲ."

ಕೆಂಡ ಪೂರ್ತಿ ಗಾಳಿ ಸಿಗದೆ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆದೇ ಇರುತ್ತದೆ, ಆದರೆ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಇದನ್ನು ನಾನು ಪಿಯುಸಿಯಲ್ಲಿ ಓದಿ, ಬರೆದು, ಅಂಕವನ್ನೂ ತೆಗೆದುಕೊಂಡಿದ್ದೆ. ಆ ಕುಂಪಟಿಯನ್ನು ಹತ್ತು ವರ್ಷದಿಂದ ನೋಡುತ್ತಲೂ ಇದ್ದೆ. ಎರಡನ್ನೂ ಜೋಡಿಸಿ ನೋಡಿರಲಿಲ್ಲ, ಅಷ್ಟೇ.

ಅಂದೇ ಕುಂಪಟಿಯನ್ನು ಹಿತ್ತಲಿಗೆ ಎಸೆದೆವು. ರಾತ್ರಿ ಆಯಿ ಕೇಳಿದಳು: "ಅದು ಒಗದ್ರಿ, ಖರೆ. ಈಗ ನಾ ಥಂಡಿಗಿ ಏನ್ ಮಾಡ್ಲಿ ತಮ್ಮಾ? ನೀ ಇಂಜಿನಿಯರ್ ಓದ್ಲಾಕತ್ತಿ ಅಲಾ, ಏನರ ಮಾಡು."

ಬಿಸಿಲ ನಾಡಿನಲ್ಲಿ ಹೀಟರಾ?

ಹಾಸ್ಟೆಲ್‌ನಲ್ಲಿ ಹೇಳಿದಾಗ ಗೆಳೆಯರು ನಕ್ಕರು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಜಿಲ್ಲೆಯಲ್ಲಿ ರೂಮ್ ಹೀಟರ್ ಹುಡುಕುವವನು ನೀನೊಬ್ಬನೇ ಎಂದರು. ಆದರೆ ನಮ್ಮ ಭಾಗದ ಮನೆಯಲ್ಲಿ ಡಿಸೆಂಬರ್ ರಾತ್ರಿ ಮಲಗಿದವರಿಗೆ ಗೊತ್ತು. ಕೆಲವು ರಾತ್ರಿ ಉಷ್ಣಾಂಶ 10–12 ಡಿಗ್ರಿಗೆ ಇಳಿಯುತ್ತದೆ. ನಮ್ಮ ಮನೆ ಕುರಕುಂಟಾದ ಹಳೇ ಕಲ್ಲಿನ ಮನೆ. ಗೋಡೆ ಒಂದೂವರೆ ಅಡಿ ದಪ್ಪ. ನೆಲಕ್ಕೂ ಪರ್ಸಿ, ಮಾಳಿಗೆಗೂ ಪರ್ಸಿ. ಶಹಾಬಾದ್ ಕಲ್ಲು ಎಂದು ದೇಶವೆಲ್ಲ ಕೊಳ್ಳುವ ಈ ಹಾಸುಗಲ್ಲು ಬೇಸಿಗೆಯಲ್ಲಿ ಹಗಲು ತಂಪು, ಚಳಿಗಾಲದಲ್ಲಿ ರಾತ್ರಿಯೆಲ್ಲ ಮಂಜುಗಡ್ಡೆ.

ನಮ್ಮ ಸುತ್ತ ಬೆಂಕಿಗೇನೂ ಬರವಿಲ್ಲ. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಕುಲುಮೆಯಲ್ಲಿ ಇದೇ ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿಗೆ ಸುಟ್ಟು ಕ್ಲಿಂಕರ್ ಮಾಡುತ್ತಾರೆ. ನಮ್ಮೂರಲ್ಲೇ ಇದ್ದ ಸಿಸಿಐ ಕಾರ್ಖಾನೆಯಲ್ಲಿ ನಮ್ಮ ಮುತ್ಯಾ ಕೆಲಸ ಮಾಡಿದ್ದರು. ಅದು ನಿಂತು ಎರಡು ದಶಕಗಳ ಮೇಲಾಯಿತು. 1450 ಡಿಗ್ರಿ ಮಾಡಬಲ್ಲ ಸೀಮೆಯಲ್ಲಿ ಆಯಿಯ ಕೋಣೆಗೆ 20 ಡಿಗ್ರಿ ಕೊಡಲು ಆಗುವುದಿಲ್ಲವೇ ಎಂಬ ಹಟ ನನ್ನಲ್ಲಿ ಹುಟ್ಟಿತು. ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ವಿಷಯವೂ ಬೇಕಿತ್ತು. ಹೀಗೆ ಶುರುವಾಯಿತು ನನ್ನ ರೇಡಿಯೇಟರ್ ಕಥೆ.

ಕಾದ ನೀರೇ ಬೆಂಕಿ

ಪೇಟೆಯಲ್ಲಿ ಸಿಗುವ ಅಗ್ಗದ ಹೀಟರ್ ಎಂದರೆ ಕೆಂಪಗೆ ಹೊಳೆಯುವ ಕಡ್ಡಿಯದು. ಅದರ ಹತ್ತಿರ ಕೌದಿಯ ತುದಿ ತಾಗಿದರೂ ಸಾಕು, ಇನ್ನೊಂದು ಅನಾಹುತ. ರಾತ್ರಿ ಮೂರು ಸಲ ಏಳುವ, ಕಣ್ಣು ಮಂಜಾದ ಮುದುಕಿಯ ಕೋಣೆಗೆ ಅದು ಬೇಡವೆನಿಸಿತು.

ಆಗ ಕಣ್ಣಿಗೆ ಬಿದ್ದದ್ದು ರೇಡಿಯೇಟರ್. ಚಳಿ ದೇಶಗಳ ಸಿನಿಮಾಗಳಲ್ಲಿ ಕಿಟಕಿ ಕೆಳಗೆ ನಿಂತಿರುತ್ತದಲ್ಲ, ಕಬ್ಬಿಣದ ಪಕ್ಕೆಲುಬು ಜೋಡಿಸಿದಂತೆ ಕಾಣುವ ವಸ್ತು, ಅದೇ. 1850ರ ದಶಕದಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಜ್ ಸಾನ್ ಗಲ್ಲಿ ಎಂಬಾತನಿಗೆ ಇದರ ಶ್ರೇಯ ಕೊಡುತ್ತಾರೆ. ನೆಲಮಾಳಿಗೆಯ ಬಾಯ್ಲರ್‌ನಿಂದ ಬಿಸಿನೀರು ಅಥವಾ ಹಬೆ ಕೊಳವೆಯಲ್ಲಿ ಬಂದು ಈ ಪಕ್ಕೆಲುಬುಗಳಲ್ಲಿ ಸುತ್ತಿ, ಶಾಖ ಬಿಟ್ಟು ಹಿಂದಿರುಗುತ್ತದೆ. ವಿದ್ಯುತ್ ಬಂದ ಮೇಲೆ ಬಾಯ್ಲರ್, ಕೊಳವೆ ಯಾವುದೂ ಇಲ್ಲದ ಬಿಡಿ ರೇಡಿಯೇಟರ್‌ಗಳು ಬಂದವು. ಪಾತ್ರೆಯೊಳಗೆ ನೀರು, ಅಡಿಯಲ್ಲಿ ವಿದ್ಯುತ್ ಕಾಯಿಲ್. ಇಂದು ಅಂಗಡಿಯಲ್ಲಿ ಸಿಗುವುದು ಇದರ ತಮ್ಮ, ಎಣ್ಣೆ ತುಂಬಿದ ರೇಡಿಯೇಟರ್. ಆ ಎಣ್ಣೆ ಉರಿಯುವುದೂ ಇಲ್ಲ, ಖರ್ಚಾಗುವುದೂ ಇಲ್ಲ. ಶಾಖವನ್ನು ಹೊತ್ತು ಒಳಗೇ ತಿರುಗುತ್ತಿರುತ್ತದೆ.

ಕಾಯಿಲ್ ಒಳಗಿನ ಕಥೆಯೂ ಚೆಂದ. ಅದರ ಹೃದಯ ನಿಕ್ರೋಮ್ ತಂತಿ, ನಿಕ್ಕೆಲ್ ಮತ್ತು ಕ್ರೋಮಿಯಂನ ಮಿಶ್ರಲೋಹ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ಇದಕ್ಕೆ ಪೇಟೆಂಟ್ ಪಡೆದ ಮೇಲೆಯೇ ಮನೆಬಳಕೆಯ ಹೀಟರ್, ಇಸ್ತ್ರಿಪೆಟ್ಟಿಗೆ, ಟೋಸ್ಟರ್‌ಗಳಿಗೆ ಬಾಳಿಕೆ ಬಂತು. ಈ ತಂತಿಯ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ ಒತ್ತಿರುತ್ತಾರೆ. ಆ ಪುಡಿ ಶಾಖವನ್ನು ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಮೇಲೊಂದು ಲೋಹದ ಕೊಳವೆ. ನಮ್ಮ ಹಾಸ್ಟೆಲ್ ಬಕೆಟ್‌ನಲ್ಲಿ ಮುಳುಗಿಸುವ ಹೀಟರ್ ರಾಡ್ ಒಳಗೂ ಇರುವುದು ಇಷ್ಟೇ.

ಎಣ್ಣೆ ರೇಡಿಯೇಟರ್ ಬೆಲೆ ನೋಡಿದೆ. ನನ್ನ ಒಂದು ಸೆಮಿಸ್ಟರ್‌ನ ಮೆಸ್ ಬಿಲ್‌ಗೆ ಹತ್ತಿರವಿತ್ತು. "ಎಣ್ಣೆಗಿಂತ ನೀರು ಕೆ.ಜಿ.ಗೆ ಹೆಚ್ಚುಕಡಿಮೆ ಎರಡು ಪಟ್ಟು ಶಾಖ ಹಿಡಿಯುತ್ತದೆ, ನೀರು ಪುಕ್ಕಟೆ, ರಾಡ್ ಇದ್ದೇ ಇದೆ, ನಾನೇ ಮಾಡುತ್ತೇನೆ" ಎಂದು ಲೆಕ್ಕ ಹಾಕಿದೆ.

ದೊಡ್ಡಪ್ಪನ ಬೆರಳು

ಸೇಡಂನ ವೆಲ್ಡಿಂಗ್ ಅಂಗಡಿಯಲ್ಲಿ 20 ಲೀಟರ್ ಹಿಡಿಯುವ ಒಂದು ಸ್ಟೀಲ್ ಡಬ್ಬಿ ಮಾಡಿಸಿದೆ. ಚಪ್ಪಟೆ, ನೆಟ್ಟಗೆ ನಿಲ್ಲುವಂಥದ್ದು. ಅಡಿಯಲ್ಲಿ 1000 ವಾಟ್‌ನ ಕಾಯಿಲ್, ಪಕ್ಕದಲ್ಲಿ ಗೀಸರ್‌ನಿಂದ ಕಳಚಿದ ಥರ್ಮೋಸ್ಟಾಟ್. ನೀರು ಚೆಲ್ಲಬಾರದು, ಹಬೆ ಹೋಗಬಾರದು ಎಂದು ಮೇಲಿನ ಬಾಯಿಗೆ ಗ್ಯಾಸ್ಕೆಟ್ ಹಾಕಿ ನಾಲ್ಕು ಬೋಲ್ಟ್ ಬಿಗಿದೆ. ಒಂದು ಹನಿಯೂ ಸೋರದಂತೆ ಮಾಡಿದ್ದಕ್ಕೆ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ದೀಪಾವಳಿಗೆ ಅದನ್ನು ಊರಿಗೆ ತಂದೆ. ಹಬ್ಬಕ್ಕೆ ದೊಡ್ಡಪ್ಪನೂ ಬಂದಿದ್ದರು. ಅವರು ಹರೆಯದಲ್ಲಿ ಶಹಾಬಾದಿನ ಬಾಯ್ಲರ್ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವರು. ಓದಿದ್ದು ಏಳನೇ ಇಯತ್ತೆ. ನಾನು ಪ್ಲಗ್ ಹಾಕಲು ಹೋದಾಗ, ಎಲೆ ಅಡಿಕೆ ಹಾಕುತ್ತ ಕೂತಿದ್ದವರು ಎದ್ದು ಬಂದರು. ಡಬ್ಬಿಯ ಸುತ್ತ ಒಂದು ಸುತ್ತು ಹಾಕಿ, ಬೋಲ್ಟಿನ ಮೇಲೆ ಬೆರಳಿಟ್ಟು ಕೇಳಿದರು:

"ಇದ್ರ ದಮ್ಮು ಎಲ್ಲಿಂದ ಹೋಗ್ತದ?"

"ಹೋಗಬಾರದು ಅಂತನೇ ಬಿಗಿದೀನಿ ದೊಡ್ಡಪ್ಪ. ಥರ್ಮೋಸ್ಟಾಟ್ ಅದ, 75 ಡಿಗ್ರಿಗಿ ತಾನೇ ಬಂದ್ ಆಗ್ತದ."

"ಅದು ಕೆಟ್ರ?"

ನನ್ನ ಬಳಿ ಉತ್ತರವಿರಲಿಲ್ಲ.

"ನಾವು ಬಾಯ್ಲರ್‌ಗಿ ಎಲ್ಲಕ್ಕಿಂತ ಮೊದ್ಲ ನೋಡ್ತಿದ್ದದ್ದು ಸೇಫ್ಟಿ ವಾಲ್ವ್. ಗಡಿಗಿ ಎಷ್ಟ್ ಗಟ್ಟಿ ಅದ ಅನ್ನೋದು ಆಮ್ಯಾಲಿನ ಮಾತು. ನೀ ಅಜ್ಜಿಗಿ ಹೀಟರ್ ಮಾಡಿಲ್ಲ, ಬಾಂಬ್ ಮಾಡಿದಿ. ಬಿಚ್ಚು ಮೊದ್ಲ."

ಬಿಚ್ಚಿದೆ. ರಾತ್ರಿ ಪುಸ್ತಕ ತೆಗೆದು ಲೆಕ್ಕ ಹಾಕಿದಾಗ ಬೆವರು ಬಂತು. 25 ಡಿಗ್ರಿಯ ನೀರು 75 ಡಿಗ್ರಿಗೆ ಬಂದಾಗ ಶೇಕಡಾ 2ಕ್ಕಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. 20 ಲೀಟರ್‌ಗೆ ಅದು ಸುಮಾರು 450 ಮಿಲಿಲೀಟರ್. ನಾನು ಡಬ್ಬಿಯನ್ನು ಬಾಯಿಮಟ ತುಂಬಿದ್ದೆ. ಆ ಅರ್ಧ ಲೀಟರ್ ಎಲ್ಲಿಗೆ ಹೋಗಬೇಕು? ನೀರನ್ನು ಅದುಮಲು ಆಗುವುದಿಲ್ಲ, ಡಬ್ಬಿಯೇ ಬಿರಿಯಬೇಕು. ಥರ್ಮೋಸ್ಟಾಟ್ ಕೆಟ್ಟು ನೀರು ಕುದಿದರಂತೂ ಕೇಳುವುದೇ ಬೇಡ. ಬಯಲಲ್ಲಿ ಒಂದು ಲೀಟರ್ ನೀರು ಹಬೆಯಾದರೆ 1600 ಲೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಅದನ್ನು ನಾನು ನಾಲ್ಕು ಬೋಲ್ಟ್ ಹಾಕಿ, ಆಯಿಯ ಮಂಚದ ಪಕ್ಕ ಇಡಲು ಹೊರಟಿದ್ದೆ.

ಅಂಗಡಿಯ ಎಣ್ಣೆ ರೇಡಿಯೇಟರ್‌ಗಳೂ ಮುಚ್ಚಿದ ಪಾತ್ರೆಗಳೇ. ಆದರೆ ಅವುಗಳಲ್ಲಿ ಎಣ್ಣೆ ಹಿಗ್ಗಲೆಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಹೆಚ್ಚು ಕಾದರೆ, ಉರುಳಿ ಬಿದ್ದರೆ ಕರೆಂಟ್ ಕಡಿಯುವ ವ್ಯವಸ್ಥೆ ಬೇರೆ ಇರುತ್ತದೆ. ಎಣ್ಣೆ 100 ಡಿಗ್ರಿಗೆ ಕುದಿಯುವುದಿಲ್ಲ ಎಂಬುದೇ ನೀರಿನ ಬದಲು ಅದನ್ನು ಬಳಸಲು ಒಂದು ಮುಖ್ಯ ಕಾರಣ. ನಾನು "ನೀರು ಪುಕ್ಕಟೆ" ಎಂದು ನಕ್ಕಾಗ ಈ ಕಾರಣ ನನಗೆ ಹೊಳೆದಿರಲಿಲ್ಲ.

1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತ ಮೇಲೆಯೇ ನಮ್ಮ ದೇಶದಲ್ಲಿ ಬಾಯ್ಲರ್ ತಪಾಸಣೆಯ ಕಾನೂನು ಶುರುವಾದದ್ದು. 1923ರಲ್ಲಿ ಇಡೀ ದೇಶಕ್ಕೆ ಒಂದು ಕಾಯ್ದೆ ಬಂತು, 2025ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ. 25 ಲೀಟರ್‌ಗಿಂತ ಚಿಕ್ಕ ಪಾತ್ರೆ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ನನ್ನದು 20 ಲೀಟರ್. ಅಂದರೆ ಯಾವ ಇನ್‌ಸ್ಪೆಕ್ಟರೂ ಬಂದು ತಡೆಯುತ್ತಿರಲಿಲ್ಲ. ತಡೆದದ್ದು ದೊಡ್ಡಪ್ಪನ ಬೆರಳು.

ಮರುದಿನ ಇಬ್ಬರೂ ಕೂತು ಸರಿ ಮಾಡಿದೆವು. ಬೋಲ್ಟ್ ತೆಗೆದು ಮೇಲೊಂದು ತೆರೆದ ಕೊಳವೆ ಹಚ್ಚಿದೆವು. ಒತ್ತಡ ಕಟ್ಟುವ ಮಾತೇ ಇಲ್ಲ. ಮೇಲೆ ನಾಲ್ಕು ಬೆರಳು ಖಾಲಿ ಬಿಟ್ಟೆವು. ಡಬ್ಬಿಗೆ ಅರ್ಥಿಂಗ್ ತಂತಿ, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ. ಆಯಿ ದೂರದಿಂದ ನೋಡುತ್ತ, "ಕುಂಪಟಿಗಿ ಇಷ್ಟ್ ಹಾರಾಟ ಇರ್ಲಿಲ್ಲವ್ವ" ಎಂದು ಅವ್ವನಿಗೆ ಹೇಳಿದಳು.

ಒಂದೇ ಒಂದು ಡಿಗ್ರಿ

ಡಿಸೆಂಬರ್‌ನಲ್ಲಿ ಪರೀಕ್ಷೆ ಮಾಡಿದೆ. 20 ಲೀಟರ್ ನೀರು 25ರಿಂದ 75 ಡಿಗ್ರಿಗೆ ಬರಲು 1000 ವಾಟ್ ಕಾಯಿಲ್‌ಗೆ ಲೆಕ್ಕದ ಪ್ರಕಾರ 70 ನಿಮಿಷ ಬೇಕು. ಹೆಚ್ಚುಕಡಿಮೆ ಅಷ್ಟೇ ಹಿಡಿಯಿತು. ನೀರು ಕಾದ ಮೇಲೆ ಪ್ಲಗ್ ಕಿತ್ತು, ಡಬ್ಬಿಯನ್ನು ಕೋಣೆಯಲ್ಲಿ ಬಿಟ್ಟೆವು. ಬೆಂಕಿಯಿಲ್ಲ, ಹೊಗೆಯಿಲ್ಲ, ಕರೆಂಟೂ ಇಲ್ಲ. ಕಾದ ನೀರು ರಾತ್ರಿಯಿಡೀ ನಿಧಾನವಾಗಿ ಶಾಖ ಬಿಡುತ್ತ ಹೋಗುತ್ತದೆ. ಹಾಗೆಂದು ಪುಸ್ತಕ ಹೇಳುತ್ತದೆ, ಹಾಗೇ ಆಯಿತು ಕೂಡ. ಬೆಳಗ್ಗೆ ಮುಟ್ಟಿದಾಗ ಡಬ್ಬಿ ಇನ್ನೂ ಉಗುರುಬೆಚ್ಚಗಿತ್ತು.

ಆದರೆ ಕೋಣೆ? ಗೋಡೆಗೆ ತೂಗುಹಾಕಿದ್ದ ಥರ್ಮಾಮೀಟರ್ ರಾತ್ರಿ ಹತ್ತಕ್ಕೆ 16 ಡಿಗ್ರಿ ತೋರಿಸಿತ್ತು. ಹನ್ನೊಂದಕ್ಕೆ 17. ಎರಡು ಗಂಟೆಗೆ ಮತ್ತೆ 16. ಒಂದು ವರ್ಷದ ಕನಸು, ಎರಡು ತಿಂಗಳ ಕೆಲಸ, ಒಂದೇ ಒಂದು ಡಿಗ್ರಿ.

"ಹೆಂಗದ ಆಯಿ?" ಎಂದೆ. ನನ್ನ ಮನಸ್ಸು ನೋಯಬಾರದೆಂದು, "ಛಲೋ ಅದ ತಮ್ಮಾ" ಎಂದಳು. ಹೇಳುವಾಗ ಎರಡು ಕೌದಿ ಹೊದ್ದಿದ್ದಳು.

ಯಾಕೆ ಹೀಗಾಯಿತು? ಹೀಟ್ ಟ್ರಾನ್ಸ್‌ಫರ್ ನೋಟ್ಸ್ ತೆಗೆದು ಕೂತೆ. ಕೋಣೆ 10 ಅಡಿಗೆ 12 ಅಡಿ, ಎತ್ತರ 10 ಅಡಿ. ಅದರೊಳಗಿನ ಗಾಳಿಯ ತೂಕ ಸುಮಾರು 40 ಕೆ.ಜಿ. ಆ ಗಾಳಿಯನ್ನು 10 ಡಿಗ್ರಿ ಬಿಸಿ ಮಾಡಲು ಬೇಕಾದ ವಿದ್ಯುತ್ ಒಂದು ಯೂನಿಟ್‌ನ ಹತ್ತನೇ ಒಂದು ಭಾಗಕ್ಕಿಂತ ಚೂರು ಹೆಚ್ಚು. ನನ್ನ ಡಬ್ಬಿಯಲ್ಲಿ ಒಂದು ಯೂನಿಟ್‌ಗೂ ಹೆಚ್ಚು ಶಾಖವಿತ್ತು. ಧಾರಾಳ ಸಾಲಬೇಕಿತ್ತು.

ಆಮೇಲೆ ಗೋಡೆಯ ಲೆಕ್ಕ ಹಾಕಿದೆ. ನಾಲ್ಕು ಗೋಡೆ, ಒಂದೂವರೆ ಅಡಿ ದಪ್ಪ, ಕಲ್ಲಿನ ತೂಕ ಹತ್ತಿರ ಹತ್ತಿರ 46 ಟನ್! ಅದನ್ನು 10 ಡಿಗ್ರಿ ಬಿಸಿ ಮಾಡಲು ಬೇಕಾದದ್ದು ಸುಮಾರು 115 ಯೂನಿಟ್. ಗಾಳಿಗಿಂತ ಸಾವಿರ ಪಟ್ಟು. ಮೇಲಿನ ಪರ್ಸಿ, ಕೆಳಗಿನ ಪರ್ಸಿ ಲೆಕ್ಕಕ್ಕೇ ಸೇರಿಲ್ಲ. ನಾನು ಕೊಟ್ಟ ಶಾಖವನ್ನೆಲ್ಲ ಗೋಡೆ ಕುಡಿದು ಕೂತಿತ್ತು. ನಾನು ಬಿಸಿ ಮಾಡಲು ಹೊರಟದ್ದು ಆಯಿಯನ್ನಲ್ಲ, 46 ಟನ್ ಶಹಾಬಾದ್ ಕಲ್ಲನ್ನು.

ದೊಡ್ಡ ಹೀಟರ್ ತಂದರೆ? 2000 ವಾಟ್‌ನ ಎಣ್ಣೆ ರೇಡಿಯೇಟರ್ ರಾತ್ರಿ ಎಂಟು ತಾಸಿನಲ್ಲಿ ಅರ್ಧ ಹೊತ್ತು ಮಾತ್ರ ಉರಿಯುತ್ತದೆ ಎಂದುಕೊಂಡರೂ ದಿನಕ್ಕೆ 8 ಯೂನಿಟ್, ತಿಂಗಳಿಗೆ 240. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ತಿಂಗಳಿಗೆ 70 ಯೂನಿಟ್ ಸುಡುವ ನಮ್ಮ ಮನೆಗೆ ಅದು ಆಗದ ಮಾತು.

ಕೌದಿಯ ವಿಜ್ಞಾನ

ಎರಡು ದಿನ ಮಂಕಾಗಿ ಕೂತೆ. ಮೂರನೇ ದಿನ, ಕೋವಿಡ್ ಕಾಲದಲ್ಲಿ ತಂದಿದ್ದ ಹಣೆಗೆ ಹಿಡಿಯುವ ಥರ್ಮಾಮೀಟರ್ ಗನ್ ಕಪಾಟಿನಲ್ಲಿ ಸಿಕ್ಕಿತು. ವಸ್ತುಗಳ ಉಷ್ಣಾಂಶ ಅಳೆಯುವ ಗುಂಡಿಯೂ ಅದರಲ್ಲಿತ್ತು. ಸುಮ್ಮನೆ ಕೋಣೆಯಲ್ಲೆಲ್ಲ ಹಿಡಿದೆ. ಆಯಿಯ ಮಂಚ ಒರಗಿದ್ದ ಉತ್ತರದ ಹೊರಗೋಡೆ 14. ಅಡುಗೆಮನೆಗೆ ಹೊಂದಿದ ಒಳಗೋಡೆ 19. ಕೌದಿಯ ಒಳಗೆ, ಆಯಿ ಈಗಷ್ಟೇ ಎದ್ದ ಜಾಗ 31.

ಆ ಮೂರು ಅಂಕಿ ನೋಡಿದಾಗ ತಲೆಗೆ ಹೊಳೆಯಿತು. ಮನುಷ್ಯನ ದೇಹವೇ ಒಂದು ಹೀಟರ್. ಸುಮ್ಮನೆ ಮಲಗಿದರೂ 70–80 ವಾಟ್ ಶಾಖ ಬಿಡುತ್ತದೆ. ಗಾಳಿ ಎಷ್ಟೇ ಬೆಚ್ಚಗಿರಲಿ, ಪಕ್ಕದಲ್ಲಿ ತಣ್ಣನೆಯ ಗೋಡೆ ಇದ್ದರೆ ದೇಹ ಅದಕ್ಕೆ ಶಾಖವನ್ನು ವಿಕಿರಣದ ಮೂಲಕ ಕಳೆದುಕೊಳ್ಳುತ್ತಲೇ ಇರುತ್ತದೆ. ಆಯಿ ಹತ್ತು ವರ್ಷದಿಂದ ಕಲ್ಲಿನ ಗೋಡೆಯನ್ನು ತನ್ನ ಮೈಯಿಂದ ಕಾಯಿಸುತ್ತ ಮಲಗಿದ್ದಳು. ಕೋಣೆಗೆ ಶಾಖ ಸೇರಿಸುವುದಕ್ಕಿಂತ ಆಯಿಯ ಶಾಖ ಹೋಗದಂತೆ ತಡೆಯುವುದು ಸುಲಭ.

ಮಂಚವನ್ನು ಒಳಗೋಡೆಯ ಬದಿಗೆ ಸರಿಸಿದೆವು. ಹೊರಗೋಡೆಗೆ ಹಳೇ ಚಾಪೆ, ಅದರ ಮೇಲೊಂದು ಹರಿದ ಕೌದಿ ತೂಗುಹಾಕಿದೆವು. ಹಾಸಿಗೆಯ ಕೆಳಗೂ ಒಂದು ಕೌದಿ, ಯಾಕೆಂದರೆ ಥಂಡಿ ಕೆಳಗಿನಿಂದಲೂ ಬರುತ್ತದೆ. ಹತ್ತಾರು ಹಳೇ ಸೀರೆ, ಧೋತರ ಪದರಪದರವಾಗಿ ಸೇರಿಸಿ ಹೊಲಿಯುವ ನಮ್ಮ ಕೌದಿಯಲ್ಲಿ ಪದರಗಳ ನಡುವೆ ಗಾಳಿ ನಿಲ್ಲುತ್ತದೆ. ಅಲುಗದ ಗಾಳಿಯಷ್ಟು ಒಳ್ಳೆಯ ಶಾಖ ನಿರೋಧಕ ಬೇರೊಂದು ಅಗ್ಗಕ್ಕೆ ಸಿಗುವುದಿಲ್ಲ. ಆಯಿಯ ಕೈಹೊಲಿಗೆಯನ್ನು ನಾನು ಅಲ್ಲಿಯವರೆಗೆ ಬಟ್ಟೆ ಎಂದುಕೊಂಡಿದ್ದೆ. ಅದೂ ಇಂಜಿನಿಯರಿಂಗ್.

ಕೊನೆಗೆ ಮೆಡಿಕಲ್ ಅಂಗಡಿಯಿಂದ ಎರಡು ಲೀಟರ್‌ನ ರಬ್ಬರ್ ಬಿಸಿನೀರಿನ ಚೀಲ ತಂದೆ. ಮಲಗುವ ಮುಂಚೆ 60 ಡಿಗ್ರಿ ನೀರು ತುಂಬಿ, ಬಟ್ಟೆ ಸುತ್ತಿ ಕಾಲಿನ ಹತ್ತಿರ ಇಟ್ಟೆವು. ಆ ನೀರು ಕಾಯಿಸಲು ಬೇಕಾದದ್ದು 0.08 ಯೂನಿಟ್. ತಿಂಗಳಿಗೆ ಎರಡೂವರೆ ಯೂನಿಟ್ ಕೂಡ ಇಲ್ಲ. ಯೋಚಿಸಿದರೆ ಅದೂ ಒಂದು ರೇಡಿಯೇಟರೇ. ಒಳಗೆ ವಿದ್ಯುತ್ತಿನಿಂದ ಕಾದ ನೀರು, ಹೊರಗೆ ಶಾಖ ಬಿಡುವ ಮೈ. ಒಂದೇ ವ್ಯತ್ಯಾಸ, ಇದು ಕೋಣೆಯಲ್ಲಿಲ್ಲ, ಕೌದಿಯ ಒಳಗಿದೆ.

ಇಲ್ಲೊಂದು ಎಚ್ಚರಿಕೆ. ವಯಸ್ಸಾದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ ಕಾಲಲ್ಲಿ ಬಿಸಿ ತಿಳಿಯುವ ಶಕ್ತಿ ಕಡಿಮೆ ಇರುತ್ತದೆ. ಕುದಿಯುವ ನೀರು ಹಾಕಬಾರದು, ಚೀಲ ಚರ್ಮಕ್ಕೆ ನೇರ ತಾಗಬಾರದು. ರಾಡ್‌ನಲ್ಲಿ ನೀರು ಕಾಯಿಸುವವರೂ ಕೇಳಿ: ರಾಡ್ ನೀರಿಗೆ ಇಳಿಸಿದ ಮೇಲೆ ಸ್ವಿಚ್ ಹಾಕಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಐಎಸ್‌ಐ ಗುರುತಿಲ್ಲದ, ಎರಡು ಪಿನ್ನಿನ ಅಗ್ಗದ ರಾಡ್‌ನಲ್ಲಿ ಅರ್ಥಿಂಗ್ ಇರುವುದಿಲ್ಲ. ಹಾಸ್ಟೆಲ್‌ನಲ್ಲಿ ಎಷ್ಟು ಜನರ ಬಳಿ ಅಂಥದ್ದಿದೆ ಎಂದು ನನಗೆ ಗೊತ್ತು, ನನ್ನ ಬಳಿಯೂ ಇತ್ತು.

ವೈವಾದಲ್ಲಿ ಕೇಳಿದ ಪ್ರಶ್ನೆ

ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂತು. ಗೆಳೆಯನೊಬ್ಬ ಸಲಹೆ ಕೊಟ್ಟ: "ಥರ್ಮಾಮೀಟರ್ ರೀಡಿಂಗ್ 22 ಅಂತ ಬರಿ. ಯಾರು ಕುರಕುಂಟಾಕ್ಕ ಬಂದು ನೋಡ್ತಾರ?" ಸುಳ್ಳು ಹೇಳುವುದಿಲ್ಲ, ಒಂದು ರಾತ್ರಿ ನಾನೂ ಹಾಗೆ ಯೋಚಿಸಿದೆ. ಆದರೆ ದೊಡ್ಡಪ್ಪನ ಬೆರಳು ನೆನಪಾಯಿತು. ರೀಡಿಂಗ್ ಬದಲಿಸಿದರೆ ಇನ್ಯಾರೋ ಅದನ್ನು ನಂಬಿ ತಮ್ಮ ಅಜ್ಜಿಯ ಕೋಣೆಗೆ ಡಬ್ಬಿ ಮಾಡಿಸಬಹುದು. 16, 17, 16 ಎಂದೇ ಬರೆದೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ವರದಿ ತಿರುವಿ ಹಾಕುತ್ತ ಕೇಳಿದರು: "ನಿನ್ನ ರೇಡಿಯೇಟರ್‌ನ ದಕ್ಷತೆ ಎಷ್ಟು?"

"ಹೆಚ್ಚುಕಡಿಮೆ ನೂರಕ್ಕೆ ನೂರು ಸರ್. ವಿದ್ಯುತ್ ಪೂರ್ತಿ ಶಾಖವಾಗುತ್ತದೆ. ಕೆಂಪು ಕಡ್ಡಿಯ ಹೀಟರ್, ಎಣ್ಣೆಯದು, ನನ್ನ ಡಬ್ಬಿ, ಎಲ್ಲದರದ್ದೂ ಅಷ್ಟೇ."

"ನೂರಕ್ಕೆ ನೂರು ಇದ್ದರೆ ಫೇಲ್ ಆಯಿತು ಅಂತ ಯಾಕೆ ಬರೆದಿದ್ದೀಯ?"

"ಶಾಖ ಎಷ್ಟು ಹುಟ್ಟಿತು ಅಂತ ನೋಡಿದೆ ಸರ್, ಎಲ್ಲಿಗೆ ಹೋಗುತ್ತದೆ ಅಂತ ನೋಡಲಿಲ್ಲ" ಎಂದು ಗೋಡೆಯ ಲೆಕ್ಕ ತೋರಿಸಿದೆ. ಅವರು ಅರ್ಧ ನಿಮಿಷ ಓದಿದರು. ಆಮೇಲೆ ಕೇಳಿದರು: "ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್‌ಗಿಂತ ಹೆಚ್ಚು ಶಾಖ ಕೊಡುವ ಯಂತ್ರ ಇದೆಯೇ?" ಹೀಟ್ ಪಂಪ್ ಎಂದೆ. ಎಸಿಯನ್ನು ತಿರುಗಿಸಿ ಓಡಿಸಿದಂತೆ ಅದು ಹೊರಗಿನ ಶಾಖವನ್ನು ಒಳಗೆ ಸಾಗಿಸುತ್ತದೆ, ಒಂದಕ್ಕೆ ಮೂರರಷ್ಟು ಕೊಡಬಲ್ಲದು. "ಏಳನೇ ಸೆಮಿಸ್ಟರ್‌ಗೆ ಇದನ್ನೇ ಮುಂದುವರಿಸು" ಎಂದರು. ಅಂಕ ತರಗತಿಯಲ್ಲೇ ಹೆಚ್ಚಿನದೇನೂ ಅಲ್ಲ. ಆದರೆ ಆ ಹತ್ತು ನಿಮಿಷ ಬಾಯಿಪಾಠದಿಂದ ಒಂದು ಮಾತನ್ನೂ ಹೇಳಲಿಲ್ಲ. ನನಗೆ ಅದು ಮೊದಲ ಸಲ.

ಇಂಟರ್‌ವ್ಯೂಗೆ ತಯಾರಾಗುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ. ರೆಸ್ಯೂಮೆಯಲ್ಲಿ ಗೆದ್ದ ಪ್ರಾಜೆಕ್ಟ್ ಬರೆಯಿರಿ, ಸೋತದ್ದನ್ನೂ ಒಂದು ಬರೆಯಿರಿ. ಯಾಕೆ ಸೋತಿತು ಎಂದು ಅಂಕಿಅಂಶ ಇಟ್ಟು ಹೇಳಬಲ್ಲಿರಾದರೆ ಎದುರಿಗೆ ಕೂತವರು ಅದನ್ನೇ ಕೇಳುತ್ತಾರೆ. ಮತ್ತೊಂದು, ಮನೆಯಲ್ಲಿ ಇಯತ್ತೆ ಮುಗಿಸದ ದೊಡ್ಡಪ್ಪ, ಕಾಕಾ ಯಾರಾದರೂ ಕಾರ್ಖಾನೆಯಲ್ಲಿ ದುಡಿದವರಿದ್ದರೆ ಪ್ಲಗ್ ಹಾಕುವ ಮುಂಚೆ ಅವರನ್ನು ಕರೆದು ತೋರಿಸಿ.

ಮತ್ತು ಇದನ್ನು ಓದುವ ಯಾರ ಮನೆಯಲ್ಲಾದರೂ ಈ ಚಳಿಗೆ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುತ್ತಿದ್ದರೆ, ಇವತ್ತೇ ಫೋನ್ ಮಾಡಿ ತೆಗೆಸಿ. ನಾಳೆಗೆ ಬಿಡಬೇಡಿ.

ಈ ಸಂಕ್ರಾಂತಿಗೆ ಊರಿಗೆ ಹೋದಾಗ ಬೆಳಗ್ಗೆ ಆರಕ್ಕೇ ಅಂಗಳದಲ್ಲಿ ನೀರಿನ ಸಪ್ಪಳ ಕೇಳಿಸಿತು. ಎದ್ದು ಹೊರಗೆ ಬಂದೆ. ಆಯಿ ಬಕೆಟ್ ಹಿಡಿದು ನಿಂತಿದ್ದಳು. ನನ್ನ 20 ಲೀಟರ್ ಸ್ಟೀಲ್ ಡಬ್ಬಿಯ ಕಾಯಿಲ್ ತೆಗೆಸಿ, ಮುಚ್ಚಳ ಹಚ್ಚಿ, ಅದರಲ್ಲಿ ಹೊಸ ತೊಗರಿಬೇಳೆ ತುಂಬಿಟ್ಟಿದ್ದಳು. "ಹುಳ ಹತ್ತಂಗಿಲ್ಲ ನೋಡು, ಭಾಳ ಗಟ್ಟಿ ಮಾಡ್ಸಿದಿ" ಎಂದಳು.